ಮನಸ್ಸೇ ಹೊತ್ತಗೆ: ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿ

ಮಣಿಪಾಲದ ಗುಡ್ಡ ಇಳಿದು, ಪರ್ಕಳ ದಾಟಿ ಕಾರ್ಕಳದ ಕಡೆಗೆ ಹೊರಟರೆ ದಾರಿಯಲ್ಲಿ ಹಿರಿಯಡಕ ಸಿಗುತ್ತದೆ. ಅಲ್ಲಿನ ವೀರಭದ್ರ ದೇವಸ್ಥಾನದ ಆಲಡೆಯಲ್ಲಿ, ಅಂದರೆ ಸಿರಿ ಎಂಬ ದೈವದ ಆರಾಧನೆಯ ತಾಣದಲ್ಲಿ, ಸಿರಿ ಜಾತ್ರೆಯ ರಾತ್ರಿ ಒಮ್ಮೆ ನಿಂತು ನೋಡಿದವರು ಆ ನೋಟವನ್ನು ಮರೆಯಲಾರರು. ಮುಡಿ ಬಿಚ್ಚಿ, ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರು ಸಾಲುಸಾಲಾಗಿ ನಿಂತಿರುತ್ತಾರೆ. ಒಬ್ಬಳ ಮೈ ನಡುಗುತ್ತದೆ, ಇನ್ನೊಬ್ಬಳ ಉಸಿರು ಏರುತ್ತದೆ. ಅವರನ್ನು ಮುನ್ನಡೆಸಲು ಎದುರಿಗೆ ನಿಂತ, ಕುಮಾರನೆಂಬ ಗಂಡು ಪಾತ್ರಿ ತುಳುವಿನಲ್ಲಿ ರಾಗವಾಗಿ ಪ್ರಶ್ನೆ ಹಾಕುತ್ತಾನೆ. ನೀನು ಯಾರು? ಯಾವ ಬೀಡಿನಿಂದ ಬಂದೆ? ಸಿರಿಯೋ, ಸೊನ್ನೆಯೋ, ಅಬ್ಬಗೆಯೋ, ದಾರಗೆಯೋ? ಹೆಂಗಸು ಹಾಡಿನಲ್ಲೇ ಉತ್ತರ ಕೊಡಬೇಕು. ಆ ಉತ್ತರವನ್ನು ಅವಳಿಗೆ ಯಾರೂ ಬರೆದುಕೊಟ್ಟಿಲ್ಲ, ಯಾರೂ ಬಾಯಿಪಾಠ ಮಾಡಿಸಿಲ್ಲ. ಆ ಗಳಿಗೆಯಲ್ಲಿ, ಆ ಬೆಳದಿಂಗಳಲ್ಲಿ, ಅದು ಅವಳ ಬಾಯಲ್ಲೇ ಹುಟ್ಟಬೇಕು.

ಹಿರಿಯಡಕ ಒಂದೇ ಅಲ್ಲ. ಕಾಪು ತಾಲ್ಲೂಕಿನ ಪಾಂಗಾಳ, ಕಾರ್ಕಳ ತಾಲ್ಲೂಕಿನ ನಂದಳಿಕೆ, ಬೋಳ, ಮೂಲ್ಕಿ ಕಡೆಯ ಕವತ್ತಾರು, ಹೀಗೆ ಸಿರಿಯ ಆಲಡೆಗಳು ಈ ಕರಾವಳಿಯಲ್ಲಿ ಹರಡಿಕೊಂಡಿವೆ. ಕವಿ ಮುದ್ದಣನ ಹುಟ್ಟೂರು ಎಂದು ಕನ್ನಡಿಗರಿಗೆ ಪರಿಚಯವಿರುವ ನಂದಳಿಕೆ ತುಳುವರಿಗೆ ಮೊದಲು ಸಿರಿ ಜಾತ್ರೆಯ ಊರು. ಇಂಥ ಆಲಡೆಗಳ ಪರಂಪರೆಯಲ್ಲಿ ಬೆಳೆದ, ಕುಮಾರನಾಗಿ ನಿಂತ ಒಬ್ಬ ಕೃಷಿಕ 1990ರ ಡಿಸೆಂಬರಿನಲ್ಲಿ ಸಿರಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಬರೆದು ಎಣಿಸಿದಾಗ ಅದು 15,683 ಸಾಲು. ಹಾಡಿದವರಿಗೆ ಓದುಬರಹ ಬರುತ್ತಿರಲಿಲ್ಲ. ಅವರೇ ಬೆಳ್ತಂಗಡಿ ತಾಲ್ಲೂಕಿನ ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು.

ಇಷ್ಟು ದೊಡ್ಡ ಕಾವ್ಯ ಒಬ್ಬ ಮನುಷ್ಯನ ಮನಸ್ಸಿನೊಳಗೆ ಹೇಗೆ ಕುಳಿತಿರುತ್ತದೆ? ಅದು ಹೊರಗೆ ಬರುವಾಗ ನೆನಪಿನಿಂದ ಬರುತ್ತದೆಯೋ, ಆಗಲೇ ಹುಟ್ಟುತ್ತದೆಯೋ? ಈ ಪ್ರಶ್ನೆಯ ಬೆನ್ನು ಹತ್ತಿ ಫಿನ್ಲೆಂಡಿನ ವಿದ್ವಾಂಸರು ನಮ್ಮ ಗದ್ದೆಬದುವಿಗೆ ಬಂದರು. ಆಶುಗಾನದ ಮನೋವ್ಯಾಪಾರದ ಬಗ್ಗೆ ಜಗತ್ತು ಇಂದು ತಿಳಿದಿರುವುದರಲ್ಲಿ ಮಾಚಾರಿನ ಆ ಹಾಡುಗಾರರ ಪಾಲು ದೊಡ್ಡದು. ನಮ್ಮಲ್ಲೇ ಅದು ಬಹಳ ಜನಕ್ಕೆ ತಿಳಿದಿಲ್ಲ.

ಗದ್ದೆ ಮತ್ತು ಆಲಡೆ

ಗೋಪಾಲ ನಾಯ್ಕರು ಕಲಿತ ಶಾಲೆಗಳು ಎರಡು. ಒಂದು ಗದ್ದೆ, ಇನ್ನೊಂದು ಆಲಡೆ.

ತುಳುನಾಡಿನಲ್ಲಿ ಮಳೆಗಾಲ ಹಿಡಿದರೆ ನೇಜಿ ನೆಡುವ ಹೆಂಗಸರು ಕೆಸರಿನಲ್ಲಿ ಬಾಗಿ ನಿಂತು ಹಾಡುತ್ತಿದ್ದರು. ತುಳುವಿನಲ್ಲಿ ಅದಕ್ಕೆ ಕಬಿತ ಎಂದು ಹೆಸರು. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಕೈ ನೆಡುವ ಕೆಲಸ ಮಾಡುತ್ತಿರುತ್ತದೆ, ಬಾಯಿ ಕಥೆ ಹೇಳುತ್ತಿರುತ್ತದೆ. ದಿನ ಉದ್ದವಾದರೆ ಕಥೆಯೂ ಉದ್ದವಾಗುತ್ತದೆ. ಮಳೆ ಜೋರಾಗಿ ಕೆಲಸ ನಿಂತರೆ ಕಥೆ ಇದ್ದಲ್ಲೇ ನಿಲ್ಲುತ್ತದೆ. ಮರುದಿನ ಬೇರೆ ಗದ್ದೆಯಲ್ಲಿ ಅದನ್ನು ಮತ್ತೆ ಹಿಡಿಯಬೇಕು. ಎಲ್ಲಿ ಬಿಟ್ಟೆವು, ಎಲ್ಲಿಂದ ಎತ್ತಬೇಕು ಎಂಬ ಲೆಕ್ಕ ಹಾಡುಗಾರ್ತಿಯ ತಲೆಯಲ್ಲೇ ಇರುತ್ತದೆ. ಇದನ್ನು ಕೇಳುತ್ತ ಬೆಳೆದವರ ಕಿವಿಗೆ ಕಥೆ ಒಂದು ಸಿದ್ಧವಸ್ತುವಾಗಿ ಬರುವುದಿಲ್ಲ. ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ಜೀವಂತ ಸಂಗತಿಯಾಗಿ ಬರುತ್ತದೆ.

ಆಲಡೆಯ ಪಾಠ ಬೇರೆ. ಅಲ್ಲಿ ಹಾಡು ಬೇಸರ ಕಳೆಯುವುದಕ್ಕಲ್ಲ. ಸಿರಿ ಮೈಮೇಲೆ ಬಂದ ಹೆಂಗಸರ ಗುಂಪನ್ನು ಮುನ್ನಡೆಸುವ ಕುಮಾರನಿಗೆ ಇಡೀ ಕಥೆ ಗೊತ್ತಿರಬೇಕು, ಅದರ ಯಾವ ಮೂಲೆಯಿಂದ ಬೇಕಾದರೂ ಹೊರಡಲು ಬರಬೇಕು. ಎದುರಿಗೆ ನಿಂತವಳು ಸೊನ್ನೆಯೆಂದರೆ ಸೊನ್ನೆಯ ಬಾಳಿನಿಂದ, ಅಬ್ಬಗೆಯೆಂದರೆ ಅಬ್ಬಗೆಯ ಸಂಕಟದಿಂದ ಹಾಡು ಎತ್ತಬೇಕು. ಗೋಪಾಲ ನಾಯ್ಕರು ಈ ಎರಡೂ ಪಾಠಗಳನ್ನು ಮೈಗೂಡಿಸಿಕೊಂಡರು. ಸಿರಿಯ ಕಥೆಯನ್ನಷ್ಟೇ ಅಲ್ಲ, ಕೋಟಿ ಚೆನ್ನಯರ ಕಥೆಯನ್ನೂ ದೀರ್ಘವಾಗಿ ಹಾಡಬಲ್ಲವರಾದರು. ಅವರು ವೇದಿಕೆಯ ಗಾಯಕರಲ್ಲ. ಹಗಲು ಬೇಸಾಯ ಮಾಡುತ್ತ, ಕರೆ ಬಂದಾಗ ಕುಮಾರನಾಗಿ ನಿಲ್ಲುತ್ತಿದ್ದವರು.

ಸಿರಿಯ ಬಾಳು

ಕಥೆ ಗೊತ್ತಿಲ್ಲದವರಿಗಾಗಿ ಅದರ ಎಳೆಯನ್ನು ಹೇಳಬೇಕು. ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾದರೂ ಎಳೆ ಒಂದೇ.

ಸತ್ಯನಾಪುರದ ಬೀಡಿನಲ್ಲಿ ಬೆರ್ಮಾಳ್ವ ಎಂಬ ಮುದುಕ. ಹಿಂದಿಲ್ಲ, ಮುಂದಿಲ್ಲ. ಪಾಳುಬಿದ್ದಿದ್ದ, ಬೆರ್ಮೆರೆಂಬ ದೈವದ ಗುಡಿಯನ್ನು ಅವನು ಜೀರ್ಣೋದ್ಧಾರ ಮಾಡಿಸುತ್ತಾನೆ. ಪ್ರಸಾದವಾಗಿ ಬಂದ ಹಿಂಗಾರ ಮತ್ತು ಗಂಧದಿಂದ ಹೆಣ್ಣುಕೂಸು ಒಡಮೂಡುತ್ತದೆ. ಅವಳೇ ಸಿರಿ. ಬೆಳೆದ ಸಿರಿ ಬಸ್ರೂರಿನ ಕಾಂತು ಪೂಂಜನ ಕೈಹಿಡಿಯುತ್ತಾಳೆ. ಬಸುರಿ ಸಿರಿಯ ಬಯಕೆ ಮದುವೆಗೆಂದು ಸೀರೆ ಕೊಂಡ ಗಂಡ ದಾರಿಯಲ್ಲಿ ಸಿದ್ದು ಎಂಬವಳ ಮನೆಗೆ ಹೋಗುತ್ತಾನೆ. ಆ ಸೀರೆ ಅವಳ ಮೈ ಮುಟ್ಟಿ ಬಂದದ್ದು ಎಂದು ತಿಳಿದ ಸಿರಿ ನೆರೆದ ಜನರ ಎದುರೇ ಅದನ್ನು ಬೇಡವೆನ್ನುತ್ತಾಳೆ. ಮಗ ಕುಮಾರ ಹುಟ್ಟುತ್ತಾನೆ, ಅಜ್ಜ ಬೆರ್ಮಾಳ್ವ ತೀರಿಕೊಳ್ಳುತ್ತಾನೆ, ಬೀಡಿನ ಹಕ್ಕಿಗಾಗಿ ನಡೆದ ನ್ಯಾಯತೀರ್ಮಾನದಲ್ಲಿ ಸಿರಿಗೆ ಅನ್ಯಾಯವಾಗುತ್ತದೆ. ಸಿರಿ ಗಂಡನ ಸಂಬಂಧವನ್ನು ತಾನೇ ಕಡಿದುಕೊಂಡು, ತೊಟ್ಟಿಲ ಮಗುವನ್ನೂ ದಾರು ಎಂಬ ಆಳನ್ನೂ ಕರೆದುಕೊಂಡು ಹೊರಟುಬಿಡುತ್ತಾಳೆ. ಮಗ ಮಾಯಕ್ಕೆ ಸಲ್ಲುತ್ತಾನೆ. ಸಿರಿ ಕೊಡ್ಸರಾಳ್ವನನ್ನು ಮದುವೆಯಾಗಿ, ಅವನ ಮೊದಲ ಹೆಂಡತಿ ಸಾಮುವಿನೊಡನೆ ಅಕ್ಕತಂಗಿಯಂತೆ ಬಾಳುತ್ತಾಳೆ. ಸೊನ್ನೆ ಎಂಬ ಮಗಳನ್ನು ಹೆತ್ತು ತಾನೂ ಮಾಯವಾಗುತ್ತಾಳೆ. ಸೊನ್ನೆಗೆ ಬಹಳ ಕಾಲದ ಮೇಲೆ ಅಬ್ಬಗೆ, ದಾರಗೆ ಎಂಬ ಅವಳಿ ಹೆಣ್ಣುಮಕ್ಕಳು. ಅವರಿಬ್ಬರೂ ಚೆನ್ನೆಮಣೆ ಆಡಲು ಕೂರುತ್ತಾರೆ. ಆಟ ಜಗಳವಾಗುತ್ತದೆ. ಅಬ್ಬಗೆ ಎತ್ತಿ ಹೊಡೆದ ಮಣೆಯ ಏಟಿಗೆ ದಾರಗೆ ಸಾಯುತ್ತಾಳೆ. ತಂಗಿಯನ್ನು ಬಾವಿಗೆ ಹಾಕಿದ ಅಕ್ಕ ತಾನೂ ಹಾರುತ್ತಾಳೆ.

ಮೂರು ತಲೆಮಾರಿನ ಹೆಂಗಸರ ಕಥೆ ಇದು. ಗಂಡನನ್ನು ಬಿಟ್ಟು ನಡೆದವಳು ಇಲ್ಲಿ ದೈವವಾದಳು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಮಣೆ ಆಡಬಾರದು ಎಂದು ನಮ್ಮ ಅಜ್ಜಿಯಂದಿರು ಇಂದಿಗೂ ಗದರಿಸುವುದು ಈ ಕಥೆಯ ನೆನಪಿನಿಂದಲೇ.

ಉಡುಪಿ ತೆರೆದ ಬಾಗಿಲು

ಪಾಡ್ದನ, ಸಂಧಿ ಎಂದೆಲ್ಲ ಕರೆಯುವ ಇಂಥ ತುಳು ಕಥನಗೀತೆಗಳನ್ನು ಬರೆದಿಡುವ ಕೆಲಸ ಹೊಸದೇನಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲೇ ಮಂಗಳೂರಿನಲ್ಲಿ 'ಪಾಡ್ದನೊಳು' ಎಂಬ ಸಂಗ್ರಹವನ್ನು ಅಚ್ಚು ಹಾಕಿಸಿದರು. ಬರ್ನೆಲ್ ಸಂಗ್ರಹಿಸಿದ ತುಳುವರ ಭೂತಾರಾಧನೆಯ ಬರಹಗಳು 1890ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಆದರೆ ಆ ಕಾಲದವರಿಗೆ ಬೇಕಾದದ್ದು ಕಥೆ, ನಂಬಿಕೆ, ವಿಧಿಯ ವಿವರ. ಹಾಡುವವನ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂದು ಯಾರೂ ಕೇಳಲಿಲ್ಲ.

ಆ ಕಡೆಗೆ ತಿರುಗಿ ನೋಡಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಮೊದಲಿಗರು. ತುಳುನಾಡಿನಲ್ಲಿ ಇದ್ದು, ತುಳು ಕಲಿತು, ಸಿರಿ ಜಾತ್ರೆಯ ಆವೇಶದ ಬಗ್ಗೆ ಅವರು 1975ರಲ್ಲಿ ಬರೆದ ಲೇಖನ ಸಿರಿಯ ಹೆಸರನ್ನು ಹೊರಗಿನ ವಿದ್ವತ್ತಿಗೆ ಮುಟ್ಟಿಸಿತು.

ಉಡುಪಿಯಲ್ಲಿ ಆಗ ಕಾಲ ಹಣ್ಣಾಗಿತ್ತು. ಮಣಿಪಾಲದ ಡಾ. ಟಿ.ಎಂ.ಎ. ಪೈ ಅವರು 1949ರಲ್ಲಿ ಕಟ್ಟಿದ ಎಂ.ಜಿ.ಎಂ. ಕಾಲೇಜಿಗೆ ಪ್ರೊ. ಕು.ಶಿ. ಹರಿದಾಸ ಭಟ್ಟರಂಥ ಪ್ರಾಂಶುಪಾಲರು ದೊರೆತಿದ್ದರು. ಅವರ ಮುಂದಾಳುತನದಲ್ಲಿ, ಶಿವರಾಮ ಕಾರಂತರ ಜೊತೆಯಲ್ಲಿ, 1971ರಲ್ಲಿ ಅಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಮುಂದೆ 1980ರ ದಶಕದಲ್ಲಿ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಬಂತು. ಒಂದು ಊರಿನ ಪದವಿ ಕಾಲೇಜು ತನ್ನ ಸುತ್ತಲಿನ ಕೋಲ, ನೇಮ, ಕಬಿತ, ಪಾಡ್ದನಗಳನ್ನು ಧ್ವನಿಸುರುಳಿಗೆ ಇಳಿಸಿಕೊಳ್ಳತೊಡಗಿತು. ಅದೇ ಹೊತ್ತಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಪ್ರೊ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಸಿದ್ಧವಾಗುತ್ತಿತ್ತು. ಅದರ 6 ಸಂಪುಟಗಳು 1988ರಿಂದ 1997ರವರೆಗೆ ಹೊರಬಂದವು. ಕ್ಲಾಸ್ ಅವರಂಥ ಹೊರನಾಡಿನ ವಿದ್ವಾಂಸರು ಉಡುಪಿಯ ಶಿಬಿರಗಳಿಗೆ ಬಂದು ನಮ್ಮ ಹುಡುಗರೊಡನೆ ಕೂತು ಕೆಲಸ ಮಾಡಿದರು. ತುಳುವಿಗೆ ಅದು ಸುಗ್ಗಿಯ ಕಾಲ.

ಹೀಗೆ ಬಂದವರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಒಬ್ಬರು. ತಮ್ಮ ದೇಶದ ಮಹಾಕಾವ್ಯ 'ಕಾಲೆವಾಲ'ದ ಮೇಲೆ ಕೆಲಸ ಮಾಡಿದ ದೊಡ್ಡ ಪಂಡಿತ. ಎಲಿಯಾಸ್ ಲೋನ್ರೂಟ್ 1849ರಲ್ಲಿ ಹೊರತಂದ ಆ ಕಾವ್ಯದಲ್ಲಿ 22,795 ಸಾಲುಗಳಿವೆ. ಆದರೆ ಅದು ಹಲವಾರು ಹಾಡುಗಾರರಿಂದ ಬಿಡಿಬಿಡಿಯಾಗಿ ಕೂಡಿಸಿ ಹೊಲಿದ ಕೌದಿ. ಒಬ್ಬನೇ ಹಾಡುಗಾರ ಅಷ್ಟು ದೀರ್ಘವಾದದ್ದನ್ನು ಒಂದೇ ಓಟದಲ್ಲಿ ಹಾಡಿದ್ದನ್ನು ಫಿನ್ಲೆಂಡಿನಲ್ಲಿ ಯಾರೂ ಕೇಳಿರಲಿಲ್ಲ. ಹೊಂಕೊ ಹುಡುಕುತ್ತಿದ್ದದ್ದು ಅಂಥ ಒಬ್ಬನನ್ನು. 1980ರ ದಶಕದ ಕೊನೆಯಲ್ಲಿ ಅವರಿಗೆ ಗೋಪಾಲ ನಾಯ್ಕರು ಸಿಕ್ಕರು.

1990ರ ಡಿಸೆಂಬರ್

ಹೊಂಕೊ, ಅವರ ಪತ್ನಿ ಆನೆಲಿ ಹೊಂಕೊ, ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ, ಈ ನಾಲ್ವರ ತಂಡ ಕೆಲಸಕ್ಕಿಳಿಯಿತು. 'ತುಳು ಜನಪದ ಸಾಹಿತ್ಯ'ವನ್ನು ಬರೆದ ರೈಗಳು, ಭೂತಾರಾಧನೆಯನ್ನು ಆಳವಾಗಿ ಬಲ್ಲ ಗೌಡರು ಜೊತೆಗಿಲ್ಲದಿದ್ದರೆ ಫಿನ್ಲೆಂಡಿನವರ ಪಾಲಿಗೆ ಆ ಹಾಡು ಬರಿಯ ದನಿಯಾಗಿ ಉಳಿಯುತ್ತಿತ್ತು.

ಡಿಸೆಂಬರ್ ಎಂದರೆ ನಮ್ಮಲ್ಲಿ ಕೊಯ್ಲು ಮುಗಿದ ಬಿಡುವಿನ ಕಾಲ, ತಣ್ಣನೆಯ ಬೆಳಗು. ಕ್ಯಾಮೆರಾ, ಮೈಕು, ಧ್ವನಿಸುರುಳಿಗಳ ಎದುರು ಗೋಪಾಲ ನಾಯ್ಕರು ಹಾಡಲು ಕೂತರು. ದಿನದ ಮೇಲೆ ದಿನ ಹಾಡಿದರು. ಬೆರ್ಮಾಳ್ವನ ಒಂಟಿತನದಿಂದ ಹೊರಟ ಹಾಡು ಅವಳಿಗಳ ಬಾವಿಯವರೆಗೆ ಹೋಗಿ ಮುಟ್ಟಿತು. ಮುಂದೆ ಒಂದು ಕಾಗದವಿಲ್ಲ, ಪಕ್ಕದಲ್ಲಿ ನೆನಪು ಮಾಡಿಕೊಡುವ ಪುಸ್ತಕವಿಲ್ಲ.

ಆ ದನಿಯನ್ನು ಅಕ್ಷರಕ್ಕೆ ಇಳಿಸಿ, ಇಂಗ್ಲಿಷಿಗೆ ಅನುವಾದಿಸಿ ಮುಗಿಸುವುದಕ್ಕೆ ವರ್ಷಗಳೇ ಹಿಡಿದವು. 1998ರಲ್ಲಿ ಹೆಲ್ಸಿಂಕಿಯಿಂದ ಮೂರು ಸಂಪುಟ ಹೊರಬಂದವು. ಎರಡರಲ್ಲಿ ಸಿರಿ ಸಂಧಿಯ ತುಳು ಪಾಠವೂ ಅನುವಾದವೂ ಇದ್ದವು. ಇನ್ನೊಂದರಲ್ಲಿ, ಹಾಡು ಪಠ್ಯವಾಗುವುದು ಹೇಗೆ ಎಂಬುದರ ಬಗ್ಗೆ ಹೊಂಕೊ ಬರೆದ ಅಧ್ಯಯನವಿತ್ತು. ಹೋಮರನ 'ಇಲಿಯಡ್' 15,693 ಸಾಲಿನದು. ಮಾಚಾರಿನ ಸಿರಿ 15,683. ಯುರೋಪು ತನ್ನ ಸಾಹಿತ್ಯದ ತಾಯಿಬೇರು ಎಂದು ಕೊಂಡಾಡುವ ಕಾವ್ಯಕ್ಕಿಂತ ಬರೀ 10 ಸಾಲು ಕಡಿಮೆ.

ಮಣೆ ಅದೇ, ಆಟ ಬೇರೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದು ನೆನಪೋ, ಹುಟ್ಟೋ?

ಈ ಪ್ರಶ್ನೆಗೆ ಹೊಂಕೊಗಿಂತ ಮೊದಲೇ ಒಂದು ದಾರಿ ಬಿದ್ದಿತ್ತು. ಅಮೆರಿಕದ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಕ್ಕೆ ಹೋಗಿ ಅಲ್ಲಿನ ಹಾಡುಗಾರರನ್ನು ಧ್ವನಿಮುದ್ರಿಸಿದರು. ಅವ್ದೊ ಮೆಜೆದೊವಿಚ್ ಎಂಬ ನಿರಕ್ಷರಿ 1935ರಲ್ಲಿ 12,311 ಸಾಲಿನ ಮದುವೆಯ ಹಾಡೊಂದನ್ನು ಅವರಿಗೆ ಕೊಟ್ಟ. ಪ್ಯಾರಿಯ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಬರೆದ ಪುಸ್ತಕ ಒಂದು ಮಾತನ್ನು ಸ್ಥಾಪಿಸಿತು: ಇಂಥ ಹಾಡುಗಾರ ಬಾಯಿಪಾಠ ಒಪ್ಪಿಸುವವನಲ್ಲ. ಛಂದಸ್ಸಿಗೆ ಹೊಂದುವ ಸಿದ್ಧ ನುಡಿಗಟ್ಟುಗಳನ್ನು ಜೋಡಿಸುತ್ತ ಹಾಡುತ್ತಲೇ ಕಾವ್ಯ ಕಟ್ಟುವವನು.

ಹೊಂಕೊ ಇಲ್ಲಿಂದ ಮುಂದಕ್ಕೆ ಹೋದರು. ಗೋಪಾಲ ನಾಯ್ಕರನ್ನು ಹತ್ತಿರದಿಂದ ಗಮನಿಸಿದಾಗ, ಸಿದ್ಧ ನುಡಿಗಟ್ಟುಗಳ ಲೆಕ್ಕ ಸಾಲದೆಂದು ಅವರಿಗೆ ಅನ್ನಿಸಿತು. ನುಡಿಗಟ್ಟಿಗಿಂತ ದೊಡ್ಡದೇನೋ ಅವರ ಮನಸ್ಸಿನಲ್ಲಿ ವ್ಯವಸ್ಥಿತವಾಗಿ ಕೂತಿದೆ. ಕಥೆಯ ಎಳೆಗಳು, ಸನ್ನಿವೇಶದ ಚಿತ್ರಗಳು, ಮತ್ತೆಮತ್ತೆ ಬರುವ ವರ್ಣನೆಗಳು, ಅವನ್ನು ಹೊರತರುವ ನಿಯಮಗಳು, ಎಲ್ಲಿ ಯಾರೆದುರು ಹಾಡುತ್ತಿದ್ದೇನೆಂಬ ಎಚ್ಚರ. ಇದನ್ನೆಲ್ಲ ಸೇರಿಸಿ ಹೊಂಕೊ ಇಟ್ಟ ಹೆಸರನ್ನು ಕನ್ನಡದಲ್ಲಿ ಮಾನಸಿಕ ಪಠ್ಯ ಎನ್ನಬಹುದು. ಮನಸ್ಸೇ ಹೊತ್ತಗೆ. ಆದರೆ ಈ ಹೊತ್ತಗೆಯಲ್ಲಿ ಅಚ್ಚಾದ ಸಾಲುಗಳಿಲ್ಲ. ಸಾಲುಗಳಾಗಲು ಕಾದು ನಿಂತ ಸಂಗತಿಗಳಿವೆ.

ಒಂದು ಉದಾಹರಣೆ ನೋಡೋಣ. ಸಂಧಿಯಲ್ಲಿ ಯಾರಾದರೂ ಒಂದು ಬೀಡಿಗೆ ಬಂದರೆ ಅವರಿಗೆ ಉಪಚಾರ ನಡೆಯಬೇಕು. ಕಾಲು ತೊಳೆಯಲು ಚೊಂಬಿನಲ್ಲಿ ನೀರು. ಕೂರಲು ಮಣೆ. ಬಾಯಾರಿಕೆಗೆ ಬೆಲ್ಲ, ನೀರು. ಆಮೇಲೆ ಹರಿವಾಣದಲ್ಲಿ ವೀಳ್ಯ. ಅದಾದ ಮೇಲೆ ಬಂದ ಕೆಲಸದ ಮಾತು. ಈ ಕ್ರಮ ತುಳುವರ ಮನೆಯ ಕ್ರಮ, ಹಾಡಿನ ಕ್ರಮವೂ ಹೌದು. ಹಾಡುಗಾರ ಅವಸರದಲ್ಲಿದ್ದರೆ ಇದನ್ನು ಎರಡೇ ಸಾಲಿನಲ್ಲಿ ಮುಗಿಸುತ್ತಾನೆ. ಬಂದವರು ದೊಡ್ಡವರಾದರೆ, ಮುಂದೆ ಬರುವ ಮಾತು ಭಾರದ್ದಾದರೆ, ಚೊಂಬಿನ ಹೊಳಪಿನಿಂದ ವೀಳ್ಯದೆಲೆಯ ತೊಟ್ಟಿನವರೆಗೆ ಒಂದೊಂದನ್ನೂ ಎತ್ತಿ ಹಾಡುತ್ತಾನೆ. ಸೀರೆ ಹಿಡಿದು ಬಂದ ಕಾಂತು ಪೂಂಜನಿಗೆ ಉಪಚಾರ ಉದ್ದವಾದಷ್ಟೂ ಕೇಳುವವರ ಎದೆಬಡಿತ ಏರುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಘಟಕಗಳನ್ನು ಹೊಂಕೊ ಬಹುರೂಪಿ ಘಟಕಗಳೆಂದು ಗುರುತಿಸಿದರು. ಸ್ನಾನ, ಊಟ, ಪ್ರಯಾಣ, ಸಿಂಗಾರ, ಆಟ, ಇವೆಲ್ಲ ಅಂಥವೇ. ಅದೇ ಗೋಪಾಲ ನಾಯ್ಕರು ನಿಧಾನವಾಗಿ ಹೇಳಿ ಬರೆಸಿದ ಸಿರಿ, ಹಾಡಿದ ಸಿರಿಗಿಂತ ಬಹಳ ಚಿಕ್ಕದಾಗಿತ್ತು ಎಂಬುದೂ ಇಲ್ಲಿ ಗಮನಿಸಬೇಕಾದ ಸಂಗತಿ. ರಾಗ ನಿಂತರೆ ಹಾಡುಗಾರನ ಮನಸ್ಸಿನ ಕಣಜದ ಅರ್ಧ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇದನ್ನೆಲ್ಲ ಓದಿದ ತುಳುವರಿಗೆ ನೆನಪಾಗುವುದು ಅಬ್ಬಗೆ ದಾರಗೆಯರ ಮುಂದಿದ್ದ ಅದೇ ಚೆನ್ನೆಮಣೆ. ಮಣೆಯಲ್ಲಿ 14 ಗುಳಿ. ಪ್ರತಿ ಗುಳಿಗೆ 4 ಮಂಜೊಟ್ಟಿ ಕಾಯಿ. ಅಜ್ಜಿ ಆಡಿದ್ದು ಅದೇ ಮಣೆ, ಮೊಮ್ಮಗಳು ಆಡುವುದೂ ಅದೇ. ಕಾಯಿ ಎತ್ತುವ ನಿಯಮ, ಬಿತ್ತುವ ನಿಯಮ ಬದಲಾಗುವುದಿಲ್ಲ. ಆದರೂ ಆಟಿ ತಿಂಗಳ ಜಡಿಮಳೆಯಲ್ಲಿ ಚಾವಡಿಯಲ್ಲಿ ಕೂತು ಆಡಿದ ಒಂದು ಆಟದಂತೆ ಇನ್ನೊಂದು ಇರುವುದಿಲ್ಲ. ಗೋಪಾಲ ನಾಯ್ಕರ ಸಂಧಿಯೂ ಹಾಗೆ. ಗುಳಿಗಳು ಪರಂಪರೆಯವು, ಕಾಯಿಗಳು ಭಾಷೆಯವು, ಆ ದಿನದ ಆಟ ಮಾತ್ರ ಅವರದು. ಎ.ವಿ. ನಾವಡರು ಸಂಪಾದಿಸಿದ ರಾಮಕ್ಕ ಮುಗೇರ್ತಿಯ ಸಿರಿ ಪಾಡ್ದನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸಿರಿ ಅವಳೇ, ಹಾಡು ಬೇರೆಯೇ.

ಕರಾವಳಿಯ ಜನಕ್ಕೆ ಈ ಮಾತು ಅರ್ಥವಾಗಲು ಸಿದ್ಧಾಂತ ಬೇಕಿಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿದೆ. ಅರ್ಥಧಾರಿಯ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಒಂದು ರಾತ್ರಿ ಆಡಿದ ಮಾತು ಇನ್ನೊಂದು ರಾತ್ರಿಗೆ ಇಲ್ಲ. ಮಲ್ಪೆಯ ಸಾಮಗ ಸೋದರರ ಎದುರು ಕೂತ ಅರ್ಥಧಾರಿಗೆ ಮುಂದಿನ ಪ್ರಶ್ನೆ ಏನು ಬರುತ್ತದೆಂದು ಗೊತ್ತಿರುತ್ತಿರಲಿಲ್ಲ. ಯಕ್ಷಗಾನದಲ್ಲಿ ಕೊನೆಗೆ ಪದ್ಯಕ್ಕಾದರೂ ಪುಸ್ತಕವಿದೆ. ಸಿರಿ ಸಂಧಿಗೆ ಅದೂ ಇಲ್ಲ.

ಪಿಯಾನೋ ಮತ್ತು ಪಾಡ್ದನ

ಇದೇ ಹೊತ್ತಿನಲ್ಲಿ ಭೂಮಿಯ ಇನ್ನೊಂದು ಮೂಲೆಯಲ್ಲಿ ಒಬ್ಬ ಸಂಗೀತಗಾರ ಇದೇ ಪ್ರಶ್ನೆಯನ್ನು ತನ್ನ ಮೇಲೆಯೇ ಹಾಕಿಕೊಂಡಿದ್ದರು. ಅಮೆರಿಕದಲ್ಲಿ ಹುಟ್ಟಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನೆಲೆಸಿದ ಜೆಫ್ ಪ್ರೆಸಿಂಗ್. ಪಿಯಾನೋ ವಾದಕ, ಸ್ವರಸಂಯೋಜಕ, ಮನಶ್ಶಾಸ್ತ್ರದ ಸಂಶೋಧಕ. ಆಶುವಾದನದ ಬಗ್ಗೆ ಅವರು 1988ರಲ್ಲಿ ಬರೆದ ಪ್ರಬಂಧ ಇಂದಿಗೂ ಆ ಕ್ಷೇತ್ರದ ಅಡಿಗಲ್ಲು. ಅವರ ಮಾತಿನ ಸಾರ ಇಷ್ಟು: ಆಶುವಾಗಿ ನುಡಿಸುವವನು ಬರಿಗೈಯಲ್ಲಿ ಹೊರಡುವುದಿಲ್ಲ. ಅವನ ಬಳಿ ವರ್ಷಗಳ ಅಭ್ಯಾಸದಿಂದ ಕೈಗೂ ಕಿವಿಗೂ ಇಳಿದ ಜ್ಞಾನದ ಕಣಜವಿದೆ. ದಾರಿ ತಪ್ಪದಂತೆ ಹಿಡಿದಿಡುವ ಒಂದು ಆಧಾರಚೌಕಟ್ಟು ಇದೆ. ಚೌಕಟ್ಟು ಗಟ್ಟಿಯಿದ್ದಷ್ಟೂ ಮನಸ್ಸಿಗೆ ಬಿಡುವು. ಮುಂದೇನು ಎಂಬ ಚಿಂತೆಯ ಭಾರವನ್ನು ಚೌಕಟ್ಟು ಹೊರುವುದರಿಂದ, ಹೊಸದನ್ನು ಹುಡುಕುವ ಶಕ್ತಿ ಉಳಿಯುತ್ತದೆ.

ಜಾಜ್ ಪಿಯಾನೋ ವಾದಕನಿಗೆ ಒಂದು ಸ್ವರಮೇಳಗಳ ಸರಣಿ ಹೇಗೋ, ಗೋಪಾಲ ನಾಯ್ಕರಿಗೆ ಸಿರಿಯ ಬಾಳು ಹಾಗೆ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಆಲನ್ ಬ್ರಾನ್ ಎಂಬ ವಿಜ್ಞಾನಿಗಳು 6 ಮಂದಿ ಜಾಜ್ ವಾದಕರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ನುಡಿಸಲು ಹೇಳಿದರು. ಕಲಿತದ್ದನ್ನು ಒಪ್ಪಿಸುವಾಗಿನದಕ್ಕಿಂತ ಆಶುವಾಗಿ ನುಡಿಸುವಾಗ, ತನ್ನನ್ನು ತಾನು ತಿದ್ದುತ್ತ ಕಾವಲು ಕಾಯುವ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿ, ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವುದಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ಏರಿದ್ದು ಕಂಡಿತು. ಆಲಡೆಯ ಹುಣ್ಣಿಮೆಯಲ್ಲಿ ನಿಂತ ಹೆಂಗಸಿಗೆ ಈ ಪ್ರಯೋಗ ಯಾರೂ ಮಾಡಿಲ್ಲ. ಆದರೆ ಕಾವಲು ಸಡಿಲಿಸಿ ಒಳಗಿನ ಮಾತನ್ನು ಹೊರಗೆ ಬಿಡುವುದು ಎಂದರೆ ಏನೆಂದು ಅವಳನ್ನು ನೋಡಿದವರಿಗೆ ಗೊತ್ತು.

ಹೊಂಕೊ ಮತ್ತು ಪ್ರೆಸಿಂಗ್ ಇಬ್ಬರೂ ತೀರಿಕೊಂಡದ್ದು 2002ರಲ್ಲಿ. ಒಬ್ಬರು ಗದ್ದೆಯ ಹಾಡಿನಿಂದ, ಇನ್ನೊಬ್ಬರು ಪಿಯಾನೋದ ಕೀಲಿಮಣೆಯಿಂದ ಹೊರಟು ಮುಟ್ಟಿದ ತಾಣ ಹೆಚ್ಚುಕಡಿಮೆ ಒಂದೇ.

ಹಾಡು ಮದ್ದಾಗುವಲ್ಲಿ

ಆದರೆ ಒಂದು ಕಡೆ ಗೋಪಾಲ ನಾಯ್ಕರ ಹಾಡು ಪಿಯಾನೋ ವಾದಕನ ಆಟಕ್ಕಿಂತ ಬೇರೆ. ಆಲಡೆಯಲ್ಲಿ ಅವರು ಹಾಡುತ್ತಿದ್ದದ್ದು ಎದುರಿಗೆ ನಿಂತ ಒಬ್ಬಳಿಗಾಗಿ.

ಆಲಡೆಗೆ ಮೊದಲ ಸಲ ಬಂದ ಹೆಂಗಸು ಮನೆಯಲ್ಲಿ ಏನೋ ಸಂಕಟ ಹೊತ್ತು ಬಂದಿರುತ್ತಾಳೆ. ಮಾತು ಬಿಟ್ಟಿರುತ್ತಾಳೆ, ಊಟ ಬಿಟ್ಟಿರುತ್ತಾಳೆ, ಕಾರಣವಿಲ್ಲದೆ ಅಳುತ್ತಾಳೆ. ಮನೆಯವರಿಗೆ ತೋಚದಾದಾಗ ಸಿರಿಯ ಬಾಧೆ ಇರಬಹುದೆಂದು ಕರೆತರುತ್ತಾರೆ. ಕುಮಾರ ಹಾಡುತ್ತಾನೆ, ಪ್ರಶ್ನಿಸುತ್ತಾನೆ, ಒಲಿಸುತ್ತಾನೆ, ಕೆಲವೊಮ್ಮೆ ಗದರಿಸುತ್ತಾನೆ. ಹಳಬರಾದ ಸಿರಿಗಳು ಸುತ್ತ ನಿಂತು ದನಿಗೂಡಿಸುತ್ತಾರೆ. ಕೊನೆಗೆ ಅವಳ ಬಾಯಿ ತೆರೆದು ಒಂದು ಹೆಸರು ಬರುತ್ತದೆ. ಗಂಡನಿಂದ ಅವಮಾನ ಉಂಡವಳಿಗೆ ಸಿರಿಯ ಸೀರೆಯ ಕಥೆ ಇದೆ, ಮನೆಗೆ ಸವತಿ ಬಂದವಳಿಗೆ ಸಾಮುವಿನ ಕಥೆ ಇದೆ, ಒಡಹುಟ್ಟಿದವರೊಡನೆ ಮುರಿದುಕೊಂಡವಳಿಗೆ ಅಬ್ಬಗೆಯ ಕಥೆ ಇದೆ. ಮನೆಯಲ್ಲಿ ಆಡಲಾಗದ ಮಾತನ್ನು ಅವಳು ಇಲ್ಲಿ ಸಿರಿಯ ಬಾಯಿಂದ ಆಡುತ್ತಾಳೆ. ಮನೆಯವರು ತಲೆಬಾಗಿ ಕೇಳುತ್ತಾರೆ. ಮುಂದಿನ ವರ್ಷ ಅವಳು ರೋಗಿಯಾಗಿ ಬರುವುದಿಲ್ಲ, ಬೇರೆಯವರಿಗೆ ದನಿಗೂಡಿಸುವ ಸಿರಿಯಾಗಿ ಬರುತ್ತಾಳೆ.

ಈ ಕರಾವಳಿಯ ಮನಸ್ಸನ್ನು ಅಳೆಯಲು ವೈದ್ಯರೂ ಬಂದಿದ್ದರು. ಮನೋವೈದ್ಯರಾದ ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿಯ ಉತ್ತರದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಹೊರತಂದರು. ಮನಸ್ಸಿನ ನೋವಿಗೆ ಜನ ವೈದ್ಯರು, ಮಂತ್ರವಾದಿ, ಪಾತ್ರಿ, ಎಲ್ಲರ ಬಳಿಗೂ ಹೋಗುವುದನ್ನು ಅವರು ದಾಖಲಿಸಿದರು. ಇಂದು ಮಣಿಪಾಲದ ಆಸ್ಪತ್ರೆಗೆ ಹೋಗಿ ಮದ್ದು ತಂದವಳೂ ಹುಣ್ಣಿಮೆಗೆ ಹಿರಿಯಡಕದ ಬಸ್ಸು ಹತ್ತುತ್ತಾಳೆ. ಕಾಯಿಲೆಗೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ನೋವಿಗೆ ಒಂದು ಕಥೆಯೂ, ಅದನ್ನು ಕೇಳಲು ಒಂದು ಊರೂ ಬೇಕು ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಉಳಿದದ್ದು, ಉಳಿಯಬೇಕಾದದ್ದು

ಗೋಪಾಲ ನಾಯ್ಕರ ಹಾಡಿನಿಂದ ಕಲಿಯಬೇಕಾದ ಮುಖ್ಯ ಪಾಠ ಹೀಗಿದೆ: ಆಶುಪ್ರತಿಭೆ ಆಕಾಶದಿಂದ ಇಳಿಯುವುದಿಲ್ಲ. ಸಾವಿರ ಸಲ ಕೇಳಿದ ಕಿವಿಯಿಂದ, ಪರಂಪರೆ ಬಿತ್ತಿದ ಮನಸ್ಸಿನಿಂದ ಅದು ಮೊಳೆಯುತ್ತದೆ. ಹೆಚ್ಚು ನೆನಪಿಟ್ಟವನಿಗೇ ಹೆಚ್ಚು ಹೊಸದು ಹುಟ್ಟುತ್ತದೆ.

ಈ ಪಾಠದಲ್ಲೇ ಆತಂಕವೂ ಅಡಗಿದೆ. ಹೆಲ್ಸಿಂಕಿಯ ಸಂಪುಟಗಳಲ್ಲಿ 15,683 ಸಾಲು ಭದ್ರವಾಗಿವೆ. ಅವನ್ನು ಕಟ್ಟುವ ಶಕ್ತಿ ಮಾತ್ರ ಸಂಪುಟದಲ್ಲಿ ಇರಲಾರದು. ಅದು ಗದ್ದೆಯಲ್ಲಿ ಹುಟ್ಟಿದ್ದು. ಎಷ್ಟೋ ಗದ್ದೆಗಳು ಇಂದು ಹಡಿಲು ಬಿದ್ದಿವೆ, ಕೆಲವು ಮನೆಯ ನಿವೇಶನಗಳಾಗಿವೆ, ಉಳಿದಲ್ಲಿ ನಾಟಿ ಯಂತ್ರ ಓಡುತ್ತದೆ. ಯಂತ್ರದ ಹಿಂದೆ ಕಬಿತ ಹಾಡುವವರಿಲ್ಲ. ಜಾತ್ರೆಗೆ ಜನ ಇಂದಿಗೂ ಸೇರುತ್ತಾರೆ. ಆದರೆ ಕೇಳುತ್ತ ಬೆಳೆಯದ ಕಿವಿಯಿಂದ ನಾಳೆಯ ಕುಮಾರ ಹುಟ್ಟುವುದು ಹೇಗೆ?

ಕಾಪು, ಕಾರ್ಕಳ, ಹಿರಿಯಡಕದ ಕಡೆಯ ಯಾವುದಾದರೂ ಮನೆಯ ಚಾವಡಿಯಲ್ಲಿ ಕಬಿತ ಬಲ್ಲ ಅಜ್ಜಿಯೊಬ್ಬರು ಇನ್ನೂ ಇರಬಹುದು. ಅವರ ಹಾಡನ್ನು ಮೊಬೈಲಿಗೆ ತುಂಬಿಕೊಂಡರೆ ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಮನೆಯ ಮಕ್ಕಳನ್ನು ಅವರ ಎದುರು ಕೂರಿಸಿ. ಒಂದೇ ಕಥೆಯನ್ನು ಎರಡು ಸಲ ಕೇಳಲಿ. ಎರಡನೆಯ ಸಲ ಅಜ್ಜಿ ಎಲ್ಲಿ ಹಿಗ್ಗಿಸಿದರು, ಎಲ್ಲಿ ಕುಗ್ಗಿಸಿದರು ಎಂದು ಮಕ್ಕಳ ಕಿವಿಗೇ ತಿಳಿಯಲಿ. ಮಾಚಾರಿನ ಆ ಕೃಷಿಕರು ಕಲಿತದ್ದು ಹಾಗೆಯೇ.